ಪುಸ್ತಕದಲ್ಲಿ ಇಲ್ಲದ ಮುನ್ನೂರು ಕುರ್ಚಿಗಳು

ಅಕೌಂಟ್ಸ್ ಕೆಲಸಕ್ಕೆ ಸೇರುವ ಮಕ್ಕಳು ನನ್ನನ್ನು ಕಂಡಾಗ ಮೊದಲು ಕೇಳುವುದು ಸಂಬಳ ಎಷ್ಟು ಸಿಗಬಹುದು ಅಂತ. ಆಮೇಲೆ ಯಾವ ಸಾಫ್ಟ್‌ವೇರ್ ಕಲಿಯಬೇಕು ಅಂತ. ಎರಡಕ್ಕೂ ನನ್ನ ಹತ್ತಿರ ಈಗ ಸರಿಯಾದ ಉತ್ತರ ಇಲ್ಲ. ನಾನು ದುಬೈ ಬಿಟ್ಟು ಕಾರ್ಕಳಕ್ಕೆ ಬಂದು ಕೆಲವು ವರ್ಷ ಆಯಿತು, ಸಂಬಳವೂ ಬದಲಾಗಿದೆ, ಸಾಫ್ಟ್‌ವೇರೂ ಬದಲಾಗಿದೆ. ನಾನು ಹೇಳಬಲ್ಲದ್ದು ಒಂದು ತಪ್ಪಿನ ಕಥೆ. ನಾಲ್ಕು ವರ್ಷ ಬಿಡದೆ ಮಾಡಿದ ತಪ್ಪು ಅದು. ತಿದ್ದಲಿಕ್ಕೆ ಸಿಕ್ಕಿದ್ದು ಇಪ್ಪತ್ತಾರು ದಿನ.

ದುಬೈಯಲ್ಲಿ ನನ್ನ ಮೊದಲ ಹದಿನೇಳು ವರ್ಷ ಕಳೆದದ್ದು ದೇರಾದ ಒಂದು ಟ್ರೇಡಿಂಗ್ ಕಂಪನಿಯಲ್ಲಿ. ಬಾಗಿಲಿನ ಚಿಲಕ, ಬಿಜಾಗರಿ, ನಲ್ಲಿ ಇಂಥವನ್ನು ತರಿಸಿ ಮಾರುವ ಕಂಪನಿ. ಅಲ್ಲಿನ ನನ್ನ ಮೇಲಧಿಕಾರಿ ಕಲಿಸಿದ ಪಾಠ ಒಂದೇ: ಬಿಲ್ ಇದ್ದರೆ ವಸ್ತು ಉಂಟು, ಬಿಲ್ ಇಲ್ಲದಿದ್ದರೆ ವಸ್ತು ಇಲ್ಲ. ಗೋದಾಮಿನಲ್ಲಿ ಕಣ್ಣಿಗೆ ಕಾಣುವ ಪೆಟ್ಟಿಗೆಯನ್ನು ಕೂಡ ಆತ ಬಿಲ್ ಸಿಗುವ ತನಕ ಒಪ್ಪುತ್ತಿರಲಿಲ್ಲ. ನನಗೆ ಆ ಪಾಠ ಎಷ್ಟು ಚೆನ್ನಾಗಿ ಹತ್ತಿತು ಅಂದರೆ, ಮನೆಯಲ್ಲಿ ಗಂಡ ತಂದ ತರಕಾರಿಗೂ ಚೀಟಿ ಕೇಳುತ್ತಿದ್ದೆ.

ಆ ಕಂಪನಿ ಜನ ಕಡಿಮೆ ಮಾಡಿದಾಗ ನನ್ನ ಹೆಸರೂ ಪಟ್ಟಿಯಲ್ಲಿತ್ತು. ಎರಡು ಸಾವಿರದ ಹನ್ನೊಂದರಲ್ಲಿ ದುಬೈಯದ್ದೇ ಊದ್ ಮೇಥಾದ ಒಂದು ಸಣ್ಣ ಕಂಪನಿಗೆ ಸೇರಿದೆ. ಸಂಬಳ ಹಿಂದಿನದ್ದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಅದು ಕಂಪನಿ ಹೌದು, ಆದರೆ ಲಾಭವನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ಉಳಿದ ದುಡ್ಡು ಕೆಲಸಕ್ಕೇ ಹೋಗಬೇಕು ಎಂಬ ಷರತ್ತಿನ ಮೇಲೆ ಲೈಸೆನ್ಸ್ ಪಡೆದ ಸಂಸ್ಥೆ. ಕೆಲಸ ಏನೆಂದರೆ ಗಾಲಿಕುರ್ಚಿ ರಿಪೇರಿ. ಆಸ್ಪತ್ರೆಗಳು, ದೊಡ್ಡ ಮನೆಗಳು ಬೇಡವೆಂದು ಬಿಟ್ಟ ಮುರುಕು ಕುರ್ಚಿಗಳನ್ನು ತೆಗೆದುಕೊಂಡು, ಸರಿ ಮಾಡಿ, ಹೊಸದು ಕೊಳ್ಳಲಾಗದವರಿಗೆ ಬಳಸಲಿಕ್ಕೆ ಕೊಡುವುದು. ಕೊಟ್ಟ ಮೇಲೂ ಕುರ್ಚಿ ಸಂಸ್ಥೆಯದ್ದೇ, ಬೇಡವಾದಾಗ ವಾಪಸ್ ಕೊಡಬೇಕು. ಖರ್ಚಿಗೆ ಬೇಕಾದ ದುಡ್ಡು ಹೊರಗಿನವರ ಕುರ್ಚಿ ರಿಪೇರಿ ಮಾಡಿ ಸಂಪಾದಿಸುವುದು.

ಇದನ್ನು ಕಟ್ಟಿದವರು ಮೋನಾಕ. ಉಳ್ಳಾಲದ ಕಡೆಯ ಬ್ಯಾರಿ. ಆಸ್ಪತ್ರೆಯ ಸಾಮಾನು ಮಾರುವ ಕಂಪನಿಯಲ್ಲಿ ಇಪ್ಪತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದವರು. ಪಾಸ್‌ಪೋರ್ಟಿನಲ್ಲಿ ಹೆಸರು ಮೊಹಮ್ಮದ್, ಬಾಕಿ ಎಲ್ಲರಿಗೂ ಮೋನಾಕ. ಗಿಡ್ಡ ಆಳು, ಜೇಬಿನಲ್ಲಿ ಯಾವಾಗಲೂ ಒಂದು ಸ್ಪ್ಯಾನರ್. ಕುರ್ಚಿಯೊಂದು ಎದುರಿಗೆ ಹಾದುಹೋದರೆ ಅವರು ಮೊದಲು ನೋಡುವುದು ಗಾಲಿಯನ್ನು, ಕೂತವರ ಮುಖವನ್ನು ಆಮೇಲೆ.

ಸೇರಿದ ಮೊದಲ ವಾರವೇ ಅವರು ನನ್ನ ಮೇಜಿನ ಮೇಲೆ ಮೂರು ನೋಟ್‌ಬುಕ್ ತಂದು ಇಟ್ಟರು. "ಮೇಡಂ, ಇದರಲ್ಲಿ ಉಂಟು ನೋಡಿ. ಯಾವ ಕುರ್ಚಿ, ಯಾರಿಗೆ ಕೊಟ್ಟದ್ದು, ಯಾವ ತಿಂಗಳು. ಇದನ್ನು ನಿಮ್ಮ ಲೆಕ್ಕದಲ್ಲಿ ಹಾಕಿ."

"ಖರೀದಿ ಬಿಲ್ ಎಲ್ಲಿದೆ ಮೋನಾಕ?"

"ದಾನ ಬಂದದ್ದಕ್ಕೆ ಎಂತ ಬಿಲ್ ಮೇಡಂ?"

"ಹಾಗಾದ್ರೆ ಹಾಕಲಿಕ್ಕೆ ಆಗುವುದಿಲ್ಲ."

"ನನ್ನ ಕುರ್ಚಿ ನಿಮ್ಮ ಪುಸ್ತಕದಲ್ಲಿ ಇಲ್ಲ ಅಂತಾದ್ರೆ, ಅದು ಹೋದದ್ದೆಲ್ಲಿಗೆ?" ಎಂದು ಕೇಳಿದರು. ನಾನು ನಕ್ಕೆ. ಲೆಕ್ಕ ಗೊತ್ತಿಲ್ಲದವರು ಕೇಳುವ ಪ್ರಶ್ನೆ ಅಂದುಕೊಂಡೆ. ಮರುವರ್ಷವೂ ಕೇಳಿದರು, ಅದರ ಮರುವರ್ಷವೂ. ನಾಲ್ಕನೆಯ ವರ್ಷ ಕೇಳಲಿಲ್ಲ. ನೋಟ್‌ಬುಕ್ ಮಾತ್ರ ಏಳು ಆಗಿದ್ದವು.

ಸಣ್ಣ ಕಂಪನಿಯ ವಾರ್ಷಿಕ ಲೆಕ್ಕ ಅಂದರೆ ಏನೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ದೊಡ್ಡ ಕಡೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಇಲ್ಲಿ ಬಿಲ್ ಬರೆಯುವವಳು ನಾನೇ, ಬ್ಯಾಂಕಿಗೆ ಹೋಗುವವಳು ನಾನೇ, ವೀಸಾ ನವೀಕರಣಕ್ಕೆ ಅರ್ಜಿ ತುಂಬಿಸುವ ಟೈಪಿಂಗ್ ಸೆಂಟರಿನ ಮುಂದೆ ಸಾಲು ನಿಲ್ಲುವವಳೂ ನಾನೇ. ವರ್ಷದ ಕೊನೆಗೆ ಆ ಎಲ್ಲ ಕಾಗದ ಎರಡು ಪುಟಕ್ಕೆ ಇಳಿಯಬೇಕು. ಇಡೀ ವರ್ಷ ಏಳೆಂಟು ಜನ ಬೆವರು ಸುರಿಸಿದ್ದು ಎರಡು ಪುಟ. ಆ ಎರಡು ಪುಟ ನೋಡಿಯೇ ಹೊರಗಿನ ಜಗತ್ತು ನಮ್ಮನ್ನು ನಂಬುವುದು ಅಥವಾ ಬಿಡುವುದು.

ಅದು ನನಗೆ ತಟ್ಟಿದ್ದು ಎರಡು ಸಾವಿರದ ಹದಿನೈದರಲ್ಲಿ. ಆ ವರ್ಷ ನಮ್ಮ ವರ್ಕ್‌ಶಾಪಿನ ಬಾಡಿಗೆ ಏರಿತ್ತು. ಬಿಡಿಭಾಗ ಕೊಡುವವನಿಗೆ ಬಾಕಿ ಇತ್ತು. ಇನ್ನೊಂದು ವರ್ಷ ಎಳೆಯುವುದು ಕಷ್ಟ ಎಂದು ನನಗೂ ಗೊತ್ತಿತ್ತು, ಮೋನಾಕನಿಗೂ ಗೊತ್ತಿತ್ತು. ಆಗ ಒಂದು ದಾರಿ ಕಂಡಿತು. ಒಂದು ಆಸ್ಪತ್ರೆ ಸಮೂಹ ತನ್ನ ಎಲ್ಲ ಗಾಲಿಕುರ್ಚಿ, ಸ್ಟ್ರೆಚರ್‌ಗಳ ರಿಪೇರಿಯನ್ನು ಮೂರು ವರ್ಷಕ್ಕೆ ಗುತ್ತಿಗೆ ಕೊಡುವುದಾಗಿ ಟೆಂಡರ್ ಕರೆಯಿತು. ಸಿಕ್ಕಿದರೆ ಬಾಡಿಗೆಯ ಚಿಂತೆ ಇಲ್ಲ, ಇನ್ನೂ ಇಬ್ಬರು ಮೆಕ್ಯಾನಿಕ್‌ಗಳನ್ನು ಇಟ್ಟುಕೊಳ್ಳಬಹುದು. ಸಿಗದಿದ್ದರೆ ಬಾಗಿಲು ಹಾಕುವುದೇ.

ಟೆಂಡರಿನ ಷರತ್ತು ಓದುತ್ತ ಹೋದೆ. ಒಂಬತ್ತನೆಯ ಷರತ್ತಿಗೆ ಬಂದಾಗ ಕೈ ನಿಂತಿತು. ಆಡಿಟ್ ಆದ ಲೆಕ್ಕದಲ್ಲಿ ಕಂಪನಿಯ ಆಸ್ತಿ ಅದರ ಸಾಲಕ್ಕಿಂತ ಹೆಚ್ಚಿರಬೇಕು. ನಮ್ಮ ಎರಡು ಪುಟದಲ್ಲಿ ಆಸ್ತಿ ಅಂತ ಇದ್ದದ್ದು ಬ್ಯಾಂಕಿನಲ್ಲಿ ಸ್ವಲ್ಪ ಹಣ, ಹಳೆಯ ಒಂದು ಪಿಕಪ್, ವೆಲ್ಡಿಂಗ್ ಯಂತ್ರ. ಸಾಲ ಅದಕ್ಕಿಂತ ಎಷ್ಟೋ ಮೇಲೆ.

ಮೂರು ನೂರಕ್ಕೂ ಹೆಚ್ಚು ಗಾಲಿಕುರ್ಚಿಗಳಿರುವ ಕಂಪನಿಯನ್ನು ನಾನು ಕಾಗದದ ಮೇಲೆ ದಿವಾಳಿ ಮಾಡಿ ಇಟ್ಟಿದ್ದೆ.

ಆವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಲೆಕ್ಕದ ನಿಯಮಗಳ ಪುಸ್ತಕ ತೆಗೆದು ದಾನವಾಗಿ ಬಂದ ವಸ್ತುಗಳ ಭಾಗ ಓದಿದೆ. ಸ್ಪಷ್ಟವಾಗಿ ಇತ್ತು: ದಾನ ಬಂದದ್ದಕ್ಕೂ ನ್ಯಾಯವಾದ ಬೆಲೆ ಕಟ್ಟಿ ತೋರಿಸಬೇಕು. ಹದಿನೇಳು ವರ್ಷ ಚಿಲಕ, ಬಿಜಾಗರಿ ಎಣಿಸಿದವಳಿಗೆ ಆ ಪುಟ ತೆರೆಯುವ ಅಗತ್ಯ ಬಂದಿರಲಿಲ್ಲ. ಅಗತ್ಯ ಬಂದ ಮೇಲೂ ನಾಲ್ಕು ವರ್ಷ ತೆರೆಯಲಿಲ್ಲ. ಅದು ಅಜ್ಞಾನ ಅಲ್ಲ, ಅಹಂಕಾರ.

ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಉಡುಪಿಯ ರಾಯರು. ಬ್ಯಾಂಕಿನಲ್ಲಿ ಮೇಲಿನ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಮ್ಮಲ್ಲಿ ಒಂದು ದಿರ್ಹಮ್ ಸಂಬಳ ಇಲ್ಲದೆ ಕೆಲಸ ಮಾಡುತ್ತಿದ್ದರು. ಒಂದು ಬಿಲ್ಲಿನಲ್ಲಿ ತಾರೀಕು ತಪ್ಪಿದರೆ ಅದನ್ನು ನನ್ನ ಮುಂದೆ ಇಟ್ಟು ಏನೂ ಮಾತಾಡದೆ ಕೂತಿರುವ ಮನುಷ್ಯ. ಬೈಗುಳವಾದರೂ ಬೇಕಿತ್ತು, ಆ ಮೌನ ಬೇಡ ಅನಿಸುತ್ತಿತ್ತು. ಅವರ ಮುಂದೆ ಹೋಗಿ ನಿಂತು ಹೇಳಿದೆ.

"ಸರ್, ಕುರ್ಚಿಗಳನ್ನು ನಾನು ಲೆಕ್ಕಕ್ಕೆ ತಗೊಂಡಿಲ್ಲ. ತಗೊಳ್ಳಬೇಕಿತ್ತು. ಮೋನಾಕ ಮೂರು ವರ್ಷ ಹೇಳಿದ್ರು. ತಪ್ಪು ನನ್ನದು."

ರಾಯರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. "ಆಡಿಟರಿಗೆ ಹೇಳಿದ್ದೀರಾ?"

"ಇನ್ನೂ ಇಲ್ಲ."

"ಹೇಳಿ. ತಿದ್ದಿದರೆ ವಾರ್ಷಿಕ ವರದಿಯಲ್ಲಿ ಒಂದು ಟಿಪ್ಪಣಿ ಬರಬೇಕಾಗ್ತದೆ, ಹಿಂದಿನ ವರ್ಷಗಳ ಲೆಕ್ಕದಲ್ಲಿ ತಪ್ಪಿತ್ತು ಅಂತ. ಎಲ್ಲರೂ ಓದ್ತಾರೆ. ಪರವಾಗಿಲ್ಲವಾ?"

"ಪರವಾಗಿಲ್ಲ ಸರ್."

"ಟೆಂಡರಿಗೆ ಎಷ್ಟು ದಿನ ಉಂಟು?"

"ಇಪ್ಪತ್ತಾರು."

"ಹಾಗಾದ್ರೆ ಇಲ್ಲಿ ಎಂತ ಮಾಡ್ತಾ ಇದ್ದೀರಿ?" ಎಂದರು. ನಾಲ್ಕು ವರ್ಷದಲ್ಲಿ ಅವರು ನನ್ನ ಹತ್ತಿರ ಆಡಿದ ಅತ್ಯಂತ ಪ್ರೀತಿಯ ಮಾತು ಅದು.

ಆಡಿಟರ್ ಹಾನಿ, ಈಜಿಪ್ಟಿನವನು. ಮೂವತ್ತರ ಆಸುಪಾಸು. ನಗುಮುಖದ ಹಟಮಾರಿ. ನಾನು ಏಳು ನೋಟ್‌ಬುಕ್‌ಗಳನ್ನು ಮುಂದಿಟ್ಟು ವಿವರಿಸಿದಾಗ ಪುಟ ತಿರುಗಿಸಿ ನೋಡಿದ. ಮೋನಾಕನ ಕೈಬರಹ, ಕನ್ನಡ ಅಕ್ಷರ, ಅಲ್ಲಲ್ಲಿ ಗ್ರೀಸಿನ ಬೆರಳಚ್ಚು.

"ಮೇಡಂ, ಇದು ಪುಸ್ತಕ. ನನಗೆ ಕುರ್ಚಿ ಬೇಕು," ಎಂದ. "ಮಾಫಿ ಕುರ್ಸಿ, ಮಾಫಿ ಅಸೆಟ್." ಕುರ್ಚಿ ಇಲ್ಲದಿದ್ದರೆ ಆಸ್ತಿಯೂ ಇಲ್ಲ. ಅರಬಿಯಲ್ಲೂ ಅದು ಕುರ್ಸಿಯೇ ಎಂದು ಗೊತ್ತಾದಾಗ ಮೋನಾಕ ಖುಷಿಪಟ್ಟರು. ನನಗೆ ಖುಷಿಪಡುವ ಸ್ಥಿತಿ ಇರಲಿಲ್ಲ. ಒಂದೊಂದು ಕುರ್ಚಿಯನ್ನೂ ಕಣ್ಣಾರೆ ನೋಡಿ, ನಂಬರ್ ಹಾಕಿ, ಫೋಟೊ ತೆಗೆದು, ಬಳಸುವವರ ಸಹಿ ತರಬೇಕು. ಅದಾದ ಮೇಲೆ ತನಗೆ ಇಷ್ಟ ಬಂದ ಕೆಲವನ್ನು ಆರಿಸಿ ತಾನೇ ಬಂದು ನೋಡುತ್ತೇನೆ ಎಂದ.

ಹೀಗೆ ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಕುರ್ಚಿಗಳನ್ನು ಹುಡುಕಿಕೊಂಡು ಮೇಜು ಬಿಟ್ಟು ಎದ್ದೆ.

ಮೋನಾಕ ಪಿಕಪ್ ಓಡಿಸುವುದು, ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಫೋನ್ ಮಾಡುವುದು. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆಯ ಒಳಗೆ ಹದಿನೈದು, ಇಪ್ಪತ್ತು ಮನೆ. ಕೆಲವರ ಫೋನ್ ನಂಬರ್ ಬದಲಾಗಿತ್ತು, ಕೆಲವರು ಊರಿಗೆ ಹೋಗಿದ್ದರು, ಕುರ್ಚಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗಿದ್ದರು. ಅದನ್ನು ಅಲ್ಲಿ ಹಿಡಿಯುವುದು. ಒಂದು ಕುರ್ಚಿ ಮೂರು ಮನೆ ದಾಟಿ ನಾಲ್ಕನೆಯ ಮನೆಯಲ್ಲಿ ಸಿಕ್ಕಿತು. ಮೂರೂ ಮನೆಯವರು ಅದನ್ನು ಒರೆಸಿಯೇ ಮುಂದಿನವರಿಗೆ ಕೊಟ್ಟಿದ್ದರು.

ಮನೆಗಳ ಒಳಗೆ ಹೋದ ಮೇಲೆ ನಾನು ಬರೆಯದೆ ಬಿಟ್ಟದ್ದು ಏನು ಎಂದು ತಿಳಿಯತೊಡಗಿತು. ಒಬ್ಬ ಪೇಂಟರ್, ಕಟ್ಟಡದಿಂದ ಬಿದ್ದವನು, ಈಗ ಅದೇ ಕಂಪನಿಯ ಸ್ಟೋರಿನಲ್ಲಿ ಕುರ್ಚಿಯಲ್ಲಿ ಕೂತು ಬಣ್ಣ ಬೆರೆಸಿ ಕೊಡುತ್ತಿದ್ದ. ಅವನ ಸಂಬಳ ನಿಲ್ಲಲಿಲ್ಲ, ವೀಸಾ ಉಳಿಯಿತು. ನನ್ನ ಪುಸ್ತಕದಲ್ಲಿ ಆ ಕುರ್ಚಿಯ ಬೆಲೆ ಸೊನ್ನೆ.

ಎಲ್ಲವೂ ಹಾಗೆ ಕಣ್ಣು ತುಂಬುವಂಥದ್ದೇನೂ ಅಲ್ಲ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಎಂಬತ್ತೆಂಟನೆಯ ನಂಬರಿನ ಕುರ್ಚಿ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಕ್ಕಿತು. ಅದರ ಮೇಲೆ ಮೂರು ಮಿಕ್ಸಿ, ಒಂದು ಟಿವಿ. ಅಂಗಡಿಯವನ ತಂದೆಯ ಸೊಂಟ ಮುರಿದಾಗ ತೆಗೆದುಕೊಂಡದ್ದು. ತಂದೆ ಗುಣವಾಗಿ ಊರಿಗೆ ಹೋದ ಮೇಲೆ ಕುರ್ಚಿಗೆ ಗೋದಾಮಿನ ಕೆಲಸ ಸಿಕ್ಕಿತ್ತು.

"ಭಾಯಿ, ಬಹಳ ಗಟ್ಟಿ ಮಾಲು," ಎಂದು ಅವನು ಹಿಂದಿಯಲ್ಲಿ ಹೊಗಳಿದ. "ಎರಡು ವರ್ಷದಿಂದ ಟಿವಿ ಹೊರುತ್ತಾ ಇದೆ, ಒಂದು ಸ್ಕ್ರೂ ಅಲುಗಿಲ್ಲ."

ಮೋನಾಕನ ಮುಖದಲ್ಲಿ ಸಿಟ್ಟು, ಹೆಮ್ಮೆ ಎರಡೂ ಒಟ್ಟಿಗೆ ಬಂದವು. ಯಾವುದು ಗೆಲ್ಲುತ್ತದೋ ಎಂದು ನಾನು ನೋಡುತ್ತಿದ್ದೆ. ಅವರು ಒಂದೊಂದೇ ಮಿಕ್ಸಿ ಇಳಿಸಿದರು, ಟಿವಿಯನ್ನು ಅಂಗಡಿಯವನ ಕೈಗೇ ಕೊಟ್ಟರು, ಜೇಬಿನಿಂದ ಸ್ಪ್ಯಾನರ್ ತೆಗೆದು ಬ್ರೇಕ್ ಬಿಗಿ ಮಾಡಿದರು. ಆಮೇಲೆ, "ಇದಕ್ಕೆ ಮನುಷ್ಯರು ಕಾಯ್ತಾ ಇದ್ದಾರೆ," ಅಂತ ಮಾತ್ರ ಹೇಳಿದರು. ಅಂಗಡಿಯವನು ಕಿವಿ ಮುಟ್ಟಿಕೊಂಡ. ತಾನೇ ಕುರ್ಚಿ ಮಡಚಿ ಪಿಕಪ್ಪಿಗೆ ಏರಿಸಿ, ನನ್ನ ಕಾಗದಕ್ಕೆ ಸಹಿ ಹಾಕಿದ.

ಹತ್ತೊಂಬತ್ತನೆಯ ದಿನಕ್ಕೆ ಮುನ್ನೂರ ಹನ್ನೊಂದು ಕುರ್ಚಿ ನನ್ನ ಪಟ್ಟಿಯಲ್ಲಿದ್ದವು. ಹಾನಿಗೆ ಕಳಿಸಿದೆ. ಅವನು ಅಲ್ ಐನ್ ಆರಿಸಿದ. ಅಲ್ಲಿ ಹನ್ನೆರಡು ಕುರ್ಚಿ ಎಂದು ಬರೆದಿದ್ದೆವು. ದುಬೈಯಿಂದ ಒಂದೂವರೆ ಗಂಟೆ ದೂರ, ಅಲ್ಲಿಯವರೆಗೆ ಯಾರು ಬಂದು ನೋಡುತ್ತಾರೆ ಎಂದು ನಾವು ಸುಮ್ಮನೆ ಬರೆದಿರಬಹುದು ಅಂತ ಅವನಿಗೆ ಅನುಮಾನ. ಅನುಮಾನ ಪಡುವುದು ಅವನ ಕೆಲಸ, ನನಗೆ ಬೇಸರ ಇಲ್ಲ.

ಆದರೆ ಹೆದರಿಕೆ ಇತ್ತು. ಹನ್ನೆರಡರಲ್ಲಿ ನಾವು ಕಣ್ಣಾರೆ ನೋಡಿದ್ದು ಐದನ್ನು ಮಾತ್ರ. ಉಳಿದ ಏಳರ ಫೋಟೊ ಮತ್ತು ಸಹಿಯನ್ನು ಗ್ರೇಸಿ ಟೀಚರ್ ಕಳಿಸಿದ್ದರು. ಅವರು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್, ಅಲ್ ಐನಿನ ಒಂದು ಶಾಲೆಯಲ್ಲಿ ಫಿಸಿಕ್ಸ್ ಕಲಿಸುವವರು. ರಸ್ತೆ ಅಪಘಾತದ ನಂತರ ನಮ್ಮ ಕುರ್ಚಿ ತೆಗೆದುಕೊಂಡಿದ್ದರು. ಹಾನಿ ಬರುವ ವಿಷಯವನ್ನು ಮರೆಮಾಚದೆ ಅವರಿಗೆ ಹೇಳಿದೆ. "ಆ ಏಳು ಇಲ್ಲದಿದ್ರೆ ಈಗಲೇ ಹೇಳಿ ಟೀಚರ್. ಪಟ್ಟಿಯಿಂದ ತೆಗೀತೇನೆ."

"ನೀವು ಬನ್ನಿ," ಎಂದರು. ಅಷ್ಟೇ.

ಶುಕ್ರವಾರ ಬೆಳಿಗ್ಗೆ ಹೋದೆವು. ದಾರಿಯುದ್ದಕ್ಕೂ ಹಾನಿ ಮೋನಾಕನ ಹತ್ತಿರ ಫುಟ್‌ಬಾಲ್ ಮಾತಾಡಿದ. ನಾನು ಏಳು ಕುರ್ಚಿ ಕಳೆದರೆ ಎಷ್ಟು ಉಳಿಯುತ್ತದೆ, ಒಂದು ಪಟ್ಟಿ ಸುಳ್ಳಾದರೆ ಬಾಕಿ ಪಟ್ಟಿಯನ್ನು ಅವನು ನಂಬುತ್ತಾನಾ ಎಂದು ಲೆಕ್ಕ ಹಾಕುತ್ತಿದ್ದೆ.

ಟೀಚರ್ ಇದ್ದ ಕಟ್ಟಡದ ಹಿಂದೆ ತಗಡಿನ ನೆರಳಿನ ಪಾರ್ಕಿಂಗ್ ಇತ್ತು. ಪಿಕಪ್ ಒಳಗೆ ತಿರುಗಿದ ಕೂಡಲೆ ಮೋನಾಕ ಬ್ರೇಕ್ ಹಾಕಿದರು. ಕಾರು ನಿಲ್ಲುವ ಜಾಗದಲ್ಲಿ ಸಾಲಾಗಿ ಕುರ್ಚಿಗಳು, ಕುರ್ಚಿಗಳಲ್ಲಿ ಜನ. ಒಬ್ಬ ಟೈಲರ್, ಒಬ್ಬರು ಬಲೂಚಿ ಅಜ್ಜ, ಒಂಬತ್ತು ವರ್ಷದ ಒಂದು ಹುಡುಗಿ, ಆಸ್ಪತ್ರೆಯ ಫೈಲಿಂಗ್ ವಿಭಾಗದ ಒಬ್ಬ ಮಲಯಾಳಿ ಹೆಂಗಸು, ಹೀಗೆ. ಸಾಲಿನ ಮೊದಲಿಗೆ ಗ್ರೇಸಿ ಟೀಚರ್, ಮಡಿಲಲ್ಲಿ ಹಾಜರಿ ಪುಸ್ತಕದಂಥದ್ದು ಹಿಡಿದುಕೊಂಡು.

ನಾನು ಎಣಿಸಿದೆ. ಹದಿನಾಲ್ಕು. ಇನ್ನೊಮ್ಮೆ ಎಣಿಸಿದೆ.

"ಹನ್ನೆರಡಲ್ಲವಾ ಟೀಚರ್?"

"ನಿಮ್ಮ ಪಟ್ಟಿಯಲ್ಲಿ ಹನ್ನೆರಡು. ಇನ್ನೆರಡು ನೀವು ಬರೆಯಲಿಕ್ಕೆ ಮರೆತದ್ದು," ಎಂದರು ಟೀಚರ್. ಮೋನಾಕ ಆ ಎರಡು ಕುರ್ಚಿಗಳ ಹತ್ತಿರ ಬಾಗಿ ಗಾಲಿ ನೋಡಿದರು. "ನನ್ನದೇ," ಎಂದರು. "ಈ ವೆಲ್ಡಿಂಗ್ ನನ್ನದೇ."

ಹಾನಿ ಒಂದೊಂದು ಕುರ್ಚಿಯ ಮುಂದೆಯೂ ಮಂಡಿಯೂರಿ ನಂಬರ್ ನೋಡಿದ, ಬ್ರೇಕ್ ಎಳೆದು ನೋಡಿದ, ಟಿಕ್ ಹಾಕಿದ. ಕುರ್ಚಿಗಳ ಸ್ಥಿತಿ ಹೇಗಿದೆ ಎನ್ನುವುದಕ್ಕೆ ಆಧಾರ ಕೇಳಿದಾಗ ಟೀಚರ್ ತಮ್ಮ ಪುಸ್ತಕ ತೆರೆದರು. ಟಯರ್ ಬದಲಿಸಿದ್ದು, ಸೀಟಿನ ಬಟ್ಟೆ ಹೊಲಿಸಿದ್ದು, ಎಲ್ಲಕ್ಕೂ ಬಿಲ್ ಅಂಟಿಸಿ ಇಟ್ಟಿದ್ದರು. ಹದಿನಾಲ್ಕು ಜನ ತಿಂಗಳಿಗೆ ಸ್ವಲ್ಪ ಸ್ವಲ್ಪ ಹಾಕಿ ತಮ್ಮ ಕುರ್ಚಿಗಳನ್ನು ತಾವೇ ಸುಸ್ಥಿತಿಯಲ್ಲಿ ಇಟ್ಟುಕೊಂಡಿದ್ದರು. ಟೀಚರ್ ಅಪಘಾತದ ಹನ್ನೊಂದನೆಯ ವಾರಕ್ಕೇ ತರಗತಿಗೆ ಹೋಗಿದ್ದರಂತೆ. "ಬೋರ್ಡಿನ ಮೇಲಿನ ಅರ್ಧ ಮಕ್ಕಳು ಬರೀತಾರೆ, ಕೆಳಗಿನ ಅರ್ಧ ನಾನು," ಎಂದರು.

ಆ ಹುಡುಗಿ ಹಾನಿಯನ್ನು ಇಂಗ್ಲಿಷಿನಲ್ಲಿ ಕೇಳಿದಳು, ನೀನು ಇದನ್ನು ವಾಪಸ್ ತೆಗೆದುಕೊಂಡು ಹೋಗಲಿಕ್ಕೆ ಬಂದದ್ದಾ ಎಂದು. ಅವನು ಇಲ್ಲ ಎಂದ. ಇದು ಇಲ್ಲಿ ಇದೆ ಅಂತ ಬರೆದುಕೊಳ್ಳಲಿಕ್ಕೆ ಬಂದದ್ದು ಎಂದ. ಹಾಗೆ ಹೇಳಿದವನು ಆಮೇಲೆ ಸ್ವಲ್ಪ ಹೊತ್ತು ಟಿಕ್ ಹಾಕಲಿಲ್ಲ.

ವಾಪಸ್ ಬರುವಾಗ ಮೋನಾಕ ಕೇಳಿದರು, "ಖಲಾಸ್ ಅಲ್ವಾ ಹಾನಿ? ಇನ್ನು ನೋಡುವುದು ಬೇಡ ಅಲ್ವಾ?"

"ನಾಳೆ ದುಬೈಯಲ್ಲಿ ಇನ್ನೂ ಹತ್ತು ನೋಡುತ್ತೇನೆ," ಎಂದ ಹಾನಿ. ನನಗೆ ಅವನ ಮೇಲೆ ಗೌರವ ಹೆಚ್ಚಾದದ್ದು ಆಗ. ಮನಸ್ಸು ಕರಗಿದರೂ ಕೈ ಕೆಲಸ ಬಿಡಬಾರದು. ನೀವು ಈ ವೃತ್ತಿಗೆ ಬರುವವರಾದರೆ ಇದನ್ನು ಅವನಿಂದ ಕಲಿಯಿರಿ. ಆ ಹತ್ತೂ ಸಿಕ್ಕಿದವು.

ಬೆಲೆ ಕಟ್ಟುವಾಗ ರಾಯರು ಜೊತೆಗೆ ಕೂತರು. ಹಳೆಯ ಕುರ್ಚಿ ಮಾರುವ ಇಬ್ಬರು ವ್ಯಾಪಾರಿಗಳಿಂದ ದರ ಬರೆಸಿ ತಂದಿದ್ದೆ. ರಾಯರು ಎರಡರಲ್ಲಿ ಕಡಿಮೆಯದನ್ನೇ ಹಿಡಿದರು. ಮೋನಾಕ ಮುನಿಸಿಕೊಂಡರು. "ನನ್ನ ಕುರ್ಚಿ ಇದಕ್ಕಿಂತ ಹೆಚ್ಚು ಬಾಳ್ತದೆ ಸರ್."

"ಬಾಳಲಿ. ನಮ್ಮ ಹೆಮ್ಮೆ ಲೆಕ್ಕಕ್ಕೆ ಬರುವುದು ಬೇಡ," ಎಂದರು ರಾಯರು.

ಕಡಿಮೆ ದರ ಹಿಡಿದೂ, ಬಳಸಿದ ವರ್ಷಗಳ ಸವೆತ ಕಳೆದೂ, ಆಸ್ತಿ ಸಾಲಕ್ಕಿಂತ ಮೇಲೆ ಹೋಯಿತು. ದೊಡ್ಡ ಮೊತ್ತವಲ್ಲ. ಆದರೆ ಮೇಲೆ. ಹಾನಿ ಸಹಿ ಹಾಕಿದ. ಹಿಂದಿನ ವರ್ಷಗಳ ಲೆಕ್ಕದಲ್ಲಿ ತಪ್ಪಿತ್ತು, ಈಗ ತಿದ್ದಲಾಗಿದೆ ಎಂಬ ಟಿಪ್ಪಣಿಯನ್ನು ನಾನೇ ಟೈಪ್ ಮಾಡಿದೆ. ಸಣ್ಣ ಅಕ್ಷರದಲ್ಲಿ ಹಾಕಬಹುದಿತ್ತು, ಹಾಕಲಿಲ್ಲ. ಇಪ್ಪತ್ತೈದನೆಯ ದಿನ ಟೆಂಡರ್ ಕಾಗದ ಕೊಟ್ಟು ಬಂದೆವು. ರಾಯರ ಸಲಹೆಯಂತೆ ಕುರ್ಚಿಗಳ ಇಡೀ ಪಟ್ಟಿಯನ್ನೂ ಜೊತೆಗೆ ಇಟ್ಟಿದ್ದೆ.

ಮೂರು ವಾರದ ನಂತರ ಆಸ್ಪತ್ರೆ ಸಮೂಹದವರು ಕರೆದರು. ಮೇಜಿನ ಆಚೆ ಕೂತ ಅಧಿಕಾರಿಣಿ ಎಮಿರಾತಿ ಹೆಂಗಸು. ಅವರ ಮುಂದೆ ನಮ್ಮ ಪಟ್ಟಿ ಇತ್ತು, ಅಂಚಿನಲ್ಲೆಲ್ಲ ಪೆನ್ಸಿಲಿನ ಗೆರೆ. ನಮ್ಮೊಂದಿಗೆ ಸ್ಪರ್ಧೆಯಲ್ಲಿದ್ದದ್ದು ನಮಗಿಂತ ಹತ್ತು ಪಟ್ಟು ದೊಡ್ಡ ಎರಡು ಕಂಪನಿ.

"ಅವರು ಎಷ್ಟು ಚೆನ್ನಾಗಿ ರಿಪೇರಿ ಮಾಡುತ್ತಾರೆ ಎಂದು ಬಣ್ಣದ ಪುಸ್ತಕ ಕೊಟ್ಟಿದ್ದಾರೆ," ಎಂದರು. "ನೀವು ಮಾತ್ರ, ರಿಪೇರಿ ಮಾಡಿದ ಕುರ್ಚಿ ಏಳು ವರ್ಷದ ನಂತರ ಎಲ್ಲಿದೆ, ಯಾರು ಕೂತಿದ್ದಾರೆ ಎಂದು ಬರೆದಿದ್ದೀರಿ. ಇದನ್ನು ಮಾಡಿದ್ದು ಯಾರು?"

"ಇವರು," ಎಂದು ನಾನು ಮೋನಾಕನನ್ನು ತೋರಿಸಿದೆ. ಅದೇ ಹೊತ್ತಿಗೆ ಮೋನಾಕ ನನ್ನನ್ನು ತೋರಿಸಿದರು. ಆಕೆ ನಕ್ಕು, ಗುತ್ತಿಗೆಯ ಕಾಗದವನ್ನು ಇಬ್ಬರ ನಡುವೆ ಇಟ್ಟರು.

ಪಾರ್ಕಿಂಗಿಗೆ ಬಂದ ಮೇಲೆ ಮೋನಾಕ, "ಮೊತ್ತ ಇನ್ನೊಮ್ಮೆ ಹೇಳಿ ಮೇಡಂ," ಎಂದರು. ಹೇಳಿದೆ. "ಇನ್ನೊಮ್ಮೆ." ಮತ್ತೆ ಹೇಳಿದೆ. ಪಿಕಪ್ಪಿನ ಬಾಗಿಲು ಹಿಡಿದುಕೊಂಡು ನಿಂತು ಕಣ್ಣೊರೆಸಿದರು. ನನ್ನ ಕಣ್ಣೂ ಒಣಗಿರಲಿಲ್ಲ. ರಾಯರಿಗೆ ಫೋನ್ ಮಾಡಿದಾಗ, "ಸಂತೋಷ, ಸುಮತಿ," ಎಂದರು. ಅವರಿಗೆ ನನ್ನ ಹೆಸರು ಗೊತ್ತಿದೆ ಎನ್ನುವುದು ಆವತ್ತು ತಿಳಿಯಿತು. ಅಲ್ಲಿಯವರೆಗೆ ನಾನು ಅವರಿಗೆ ಅಕೌಂಟ್ಸ್.

ಆಮೇಲಿನ ವರ್ಷಗಳಲ್ಲಿ ಕೈಬರಹದ ನಂಬರ್ ಹೋಗಿ ಬಾರ್‌ಕೋಡ್ ಬಂತು, ನೋಟ್‌ಬುಕ್ ಹೋಗಿ ಫೋನಿನಲ್ಲೇ ಪಟ್ಟಿ ಬಂತು, ಎರಡು ಸಾವಿರದ ಹದಿನೆಂಟರಲ್ಲಿ ವ್ಯಾಟ್ ತೆರಿಗೆ ಬಂದು ಇಡೀ ಬಿಲ್ ಪದ್ಧತಿ ಬದಲಾಯಿತು. ಕಲಿತೆ. ಕಷ್ಟವೇನೂ ಆಗಲಿಲ್ಲ. ಆದರೆ ವರ್ಷಕ್ಕೊಮ್ಮೆ ಹೋಗಿ ಕುರ್ಚಿಗಳನ್ನು ಕಣ್ಣಾರೆ ನೋಡುವ ಪದ್ಧತಿಯನ್ನು ನಿವೃತ್ತಿಯ ತನಕ ಬಿಡಲಿಲ್ಲ.

ಗುತ್ತಿಗೆ ಶುರುವಾದ ದಿನದ್ದು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಲಾರಿ ಬಂದು ನಿಂತಿತು. ಒಂದು ತಿಂಗಳಿಂದ ಕೂಡಿಟ್ಟ ಮುರುಕು ಕುರ್ಚಿಗಳನ್ನೆಲ್ಲ ಒಂದೇ ಸಲ ಕಳಿಸಿದ್ದರು. ವರ್ಕ್‌ಶಾಪ್ ತುಂಬಿತು, ಹೊರಗಿನ ನೆರಳು ತುಂಬಿತು, ಲಾರಿ ಅರ್ಧ ಮಾತ್ರ ಖಾಲಿಯಾಗಿತ್ತು. ಮೋನಾಕ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತು ಒಳಗೆ ಕಣ್ಣಾಡಿಸಿದರು. ಏನು ಕೇಳಲಿಕ್ಕೆ ಬಂದಿದ್ದಾರೆಂದು ನನಗೆ ಗೊತ್ತಾಯಿತು. ಫೈಲಿನ ಕಪಾಟು ಗೋಡೆಗೆ ಸರಿಸಿದೆವು, ಅತಿಥಿಗಳ ಎರಡು ಕುರ್ಚಿ ಹೊರಗೆ ಹೋದವು, ಕೊನೆಗೆ ನಾನು ಕೂರುವ ಕುರ್ಚಿಯೂ ಹೋಯಿತು. ಹತ್ತು ಗಂಟೆಗೆ ನನ್ನ ಮೇಜಿನ ಸುತ್ತ ಹತ್ತೊಂಬತ್ತು ಮುರುಕು ಗಾಲಿಕುರ್ಚಿ. ಮೋನಾಕ ಅವುಗಳಲ್ಲಿ ಸ್ವಲ್ಪ ಗಟ್ಟಿಯಾದದ್ದನ್ನು ಆರಿಸಿ, ಎಡಗಡೆಯ ಗಾಲಿಗೆ ಮರದ ತುಂಡು ಸಿಕ್ಕಿಸಿ, "ಕೂತ್ಕೊಳ್ಳಿ, ಹೋಗುವುದಿಲ್ಲ," ಎಂದರು. ಕೂತೆ. ಹೋಗಲಿಲ್ಲ. ಪಕ್ಕದಲ್ಲಿ ನಾಲ್ಕು ಮೆಕ್ಯಾನಿಕ್‌ಗಳು ಸುತ್ತಿಗೆ ಹೊಡೆಯುತ್ತಿದ್ದರು, ಮೇಜು ಅದುರುತ್ತಿತ್ತು. ಅದೇ ಅದುರುವ ಮೇಜಿನ ಮೇಲೆ ಆ ಗುತ್ತಿಗೆಯ ಒಂದನೆಯ ನಂಬರಿನ ಬಿಲ್ ಬರೆದೆ.